ತೋಟದ ಹೆಸರು ಹೇಳಿ ಮಾರುವ ಹೋಟೆಲುಗಳು ಬೆಳೆದವರ ಹೆಸರನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೋಟೆಲುಗಳ ಮೆನುಗಳಲ್ಲಿ ಈಚಿನ ವರ್ಷಗಳಲ್ಲಿ ‘ಫಾರ್ಮ್ ಟು ಟೇಬಲ್’, ‘ನೇರವಾಗಿ ರೈತರ ಹೊಲದಿಂದ’, ‘ನಮ್ಮದೇ ತೋಟದ ತರಕಾರಿ’ ಎಂಬ ಬರಹಗಳು ಹೆಚ್ಚುತ್ತಿವೆ. ಈ ಮಾತನ್ನು ನಂಬಿ ಗ್ರಾಹಕರು ಸಾಮಾನ್ಯ ಊಟಕ್ಕಿಂತ ಹೆಚ್ಚಿನ ಹಣವನ್ನು ಸಂತೋಷದಿಂದಲೇ ಕೊಡುತ್ತಾರೆ. ಆದರೆ ಅದು ಯಾವ ತೋಟ, ಯಾವ ಊರು, ಬೆಳೆದವರು ಯಾರು ಎಂದು ಕೇಳಿದರೆ ಬಡಿಸುವವರ ಬಳಿಯಾಗಲಿ ಗಲ್ಲಾಪೆಟ್ಟಿಗೆಯ ಬಳಿಯಾಗಲಿ ಉತ್ತರ ಸಿಗುವುದು ಅಪರೂಪ. ತೋಟದ ಹೆಸರಿನಲ್ಲಿ ವ್ಯಾಪಾರ ಮಾಡುವ ಪ್ರತಿಯೊಂದು ಹೋಟೆಲೂ ಆಯಾ ದಿನದ ಅಡುಗೆಗೆ ಬಂದ ಮುಖ್ಯ ಪದಾರ್ಥಗಳ ಊರನ್ನೂ ಬೆಳೆಗಾರರ ಹೆಸರನ್ನೂ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆದು ಹಾಕಬೇಕು, ಹಾಗೆ ಬರೆಯಲಾಗದವರು ಆ ಮಾತನ್ನು ಬಳಸುವುದನ್ನು ಬಿಡಬೇಕು ಎಂದು ಕೋರಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ಇದು ಆಗದ ಹೋಗದ ಮಾತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದನ್ನು ಯಾವ ಸದ್ದುಗದ್ದಲವೂ ಇಲ್ಲದೆ ದಿನವೂ ಮಾಡುತ್ತಿರುವ ಒಂದು ಸಣ್ಣ ಊಟದ ಮನೆಯನ್ನು ನಮ್ಮ ಕುಟುಂಬ ಕಣ್ಣಾರೆ ಕಂಡಿದೆ. ದಸರಾ ರಜೆಯಲ್ಲಿ ಉತ್ತರ ಕನ್ನಡದ ಕಡೆ ಹೋಗಿದ್ದಾಗ, ಸಿರ್ಸಿಯಿಂದ ಸ್ವಲ್ಪ ದೂರದ ಅಡಿಕೆ ತೋಟವೊಂದರ ಅಂಚಿನಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಆ ಜಾಗದಲ್ಲಿ ನಾವು ರಾತ್ರಿಯ ಊಟ ಮಾಡಿದೆವು. ಅಲ್ಲಿ ಇದ್ದದ್ದು ಹೆಂಚಿನ ಮಾಡಿನ ಒಂದು ಜಗಲಿ, ಕೆಲವೇ ಉದ್ದನೆಯ ಮೇಜುಗಳು, ಒಳಗೆ ಒಲೆ. ಮಧ್ಯಾಹ್ನದೊಳಗೆ ಫೋನ್ ಮಾಡಿ ಎಷ್ಟು ಜನ ಎಂದು ತಿಳಿಸಿದವರಿಗೆ ಮಾತ್ರ ರಾತ್ರಿ ಊಟ ಎಂಬುದು ಅಲ್ಲಿಯ ಕ್ರಮ. ಎಷ್ಟು ಬೇಕೋ ಅಷ್ಟನ್ನೇ ಕೊಯ್ದು, ಅಷ್ಟನ್ನೇ ಬೇಯಿಸುವ ಕಾರಣಕ್ಕೆ ಉಳಿದದ್ದನ್ನು ಮರುದಿನ ಬಿಸಿ ಮಾಡಿ ಬಡಿಸುವ ಪ್ರಶ್ನೆಯೇ ಅವರಿಗೆ ಬರುವುದಿಲ್ಲ.

ಜಗಲಿಯ ಕಂಬಕ್ಕೆ ಒಂದು ಕಪ್ಪು ಹಲಗೆಯನ್ನು ತೂಗುಹಾಕಿದ್ದರು. ಸಾಮಾನ್ಯವಾಗಿ ಅಂಥ ಹಲಗೆಯ ಮೇಲೆ ತಿನಿಸಿನ ಹೆಸರೂ ದರವೂ ಇರುತ್ತವೆ; ಇಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದದ್ದು ಪದಾರ್ಥ ಮತ್ತು ಅದು ಬಂದ ಜಾಗ. ದೊಡ್ಡಪತ್ರೆ ಹಿತ್ತಿಲಿನದು, ಬಾಳೆಕಾಯಿ ತಮ್ಮ ತೋಟದ್ದು, ಮೊಗೆಕಾಯಿ ಎಂಬ ಸೌತೆಯ ಜಾತಿಯ ತರಕಾರಿ ಪಕ್ಕದ ಕೇರಿಯ ಮನೆಯೊಂದರದು, ಅದರ ಎದುರು ಆ ಮನೆಯ ಯಜಮಾನರ ಹೆಸರು, ಅಕ್ಕಿ ಬನವಾಸಿ ಕಡೆಯ ಗದ್ದೆಯದು, ಅದಕ್ಕೂ ಒಂದು ಹೆಸರು, ಜೋನಿಬೆಲ್ಲ ಹಿಂದಿನ ಹಂಗಾಮಿನ ಆಲೆಮನೆಯದು, ಅಪ್ಪೆಮಿಡಿ ಎಂಬ ಪರಿಮಳದ ಮಾವಿನ ಮಿಡಿ ಹೊಳೆದಂಡೆಯ ಮರದ್ದು, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟದ್ದು. ಎಲ್ಲಕ್ಕಿಂತ ಕೆಳಗೆ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ‘ತೊಗರಿಬೇಳೆ: ಕಲಬುರಗಿಯದು, ಸಿರ್ಸಿ ಪೇಟೆಯ ಅಂಗಡಿಯಿಂದ ತಂದದ್ದು’ ಎಂದು ಬರೆದಿದ್ದರು. ಇಡೀ ಹಲಗೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ಈ ಕೊನೆಯ ಸಾಲು. ತಮ್ಮಲ್ಲಿ ಬೆಳೆಯದ ವಸ್ತುವನ್ನು ತಮ್ಮದೆಂದು ತೋರಿಸಿಕೊಳ್ಳದೆ, ಅಂಗಡಿಯಿಂದ ತಂದದ್ದನ್ನು ಅಂಗಡಿಯಿಂದ ತಂದದ್ದೆಂದೇ ಬರೆದವರು ಹಿತ್ತಿಲಿನ ಸೊಪ್ಪಿನ ಬಗ್ಗೆ ಹೇಳುವುದನ್ನೂ ಧಾರಾಳವಾಗಿ ನಂಬಬಹುದು.

ಬಾಳೆ ಎಲೆ ಹಾಕಿ ಮೊದಲು ಬಡಿಸಿದ್ದು ದೊಡ್ಡಪತ್ರೆಯ ತಂಬುಳಿ. ಎಲೆಗಳನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದ ಅದು ಬಿಸಿ ಅನ್ನದ ಮೇಲೆ ಬಿದ್ದಾಗ ಎದ್ದ ಪರಿಮಳವನ್ನು ನಮ್ಮ ತಾಯಿಯವರು ಇನ್ನೂ ನೆನೆಯುತ್ತಾರೆ. ಬಳಿಕ ಮೊಗೆಕಾಯಿ ಹುಳಿ ಬಂತು. ಆ ಮೊಗೆಕಾಯಿಗಳನ್ನು ಒಳಗಿನ ಅಟ್ಟದ ತೊಲೆಗೆ ಬಾಳೆಯ ನಾರಿನಿಂದ ಒಂದೊಂದಾಗಿ ಕಟ್ಟಿ ತೂಗುಬಿಟ್ಟಿದ್ದನ್ನು ಮನೆಯಾಕೆ ಮಕ್ಕಳನ್ನು ಕರೆದೊಯ್ದು ತೋರಿಸಿದರು. ಹಾಗೆ ಕಟ್ಟಿಟ್ಟರೆ ಒಂದಕ್ಕೊಂದು ತಾಗಿ ಕೊಳೆಯದೆ, ಫ್ರಿಜ್ಜಿನ ಹಂಗಿಲ್ಲದೆ ತಿಂಗಳುಗಟ್ಟಲೆ ಉಳಿಯುತ್ತವೆ ಎಂದು ವಿವರಿಸಿದರು. ಕೊನೆಯಲ್ಲಿ ಲೋಟಕ್ಕೆ ಹಾಕಿಕೊಟ್ಟದ್ದು ಅಪ್ಪೆಹುಳಿ. ಉಪ್ಪುನೀರಿನ ಭರಣಿಯಿಂದ ತೆಗೆದ ಮಿಡಿಯನ್ನು ಕಿವುಚಿ, ನೀರು ಬೆರೆಸಿ, ಇಂಗು ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟದ್ದು. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ, ಅಂದರೆ ಆ ಸೀಮೆಯದೇ ವಿಶಿಷ್ಟ ವಸ್ತು ಎಂಬ ಕಾನೂನಿನ ಗುರುತಿನ, ಮಾನ್ಯತೆ ಇದೆ ಎಂದು ಓದಿ ತಿಳಿದಿದ್ದೆ. ಅದು ಏಕೆ ಸಿಕ್ಕಿತೆಂಬುದು ಒಂದು ಗುಟುಕಿನಲ್ಲಿ ಅರ್ಥವಾಯಿತು.

ನಮ್ಮ ಮಗ ಅಲ್ಲಿಯೂ ಗೋಬಿ ಮಂಚೂರಿ ಕೇಳಿದ. ಆ ಮನೆಯಾಕೆ ಬೇಸರ ಮಾಡಿಕೊಳ್ಳದೆ, “ತಮಾ, ಹೂಕೋಸು ನಮ್ಮಲ್ಲಿ ಈಗ ಇಲ್ಲ, ಬಾಳೆಕಾಯಿ ಪೋಡಿ ಮಾಡಿಕೊಡ್ತೇನೆ, ತಿಂದು ನೋಡು” ಎಂದು ಒಳಗೆ ಹೋದರು. ಅವನು ಎರಡನೆಯ ಬಾರಿಯೂ ಹಾಕಿಸಿಕೊಂಡ. ಬೆಂಗಳೂರಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ‘ಈಗ ಇಲ್ಲ’ ಎಂಬ ಉತ್ತರವೇ ಹೊಸದು. ವರ್ಷದ ಹನ್ನೆರಡು ತಿಂಗಳೂ ಎಲ್ಲ ತರಕಾರಿಯೂ ಎಲ್ಲ ಹಣ್ಣೂ ಸಿಗುವ ಊರಿನಲ್ಲಿ, ಯಾವ ಬೆಳೆಗೆ ಯಾವ ಕಾಲ ಎಂಬ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಮಾಯವಾಗುತ್ತಿದೆ.

ಊಟದ ನಂತರ ಮಾತನಾಡುತ್ತಾ, ನೆರೆಯವರಿಂದ ಕೊಳ್ಳುವ ತರಕಾರಿಗೆ ದರವನ್ನು ಹೇಗೆ ನಿಗದಿ ಮಾಡುತ್ತೀರಿ ಎಂದು ಮನೆಯ ಯಜಮಾನರನ್ನು ಕೇಳಿದೆ. ಹಂಗಾಮಿನ ಆರಂಭದಲ್ಲಿಯೇ ಕೂತು ಒಂದು ದರ ಮಾತನಾಡಿಕೊಳ್ಳುತ್ತಾರಂತೆ. “ಪೇಟೆಯಲ್ಲಿ ದರ ಬಿದ್ದರೂ ನಾವು ಇಳಿಸುವುದಿಲ್ಲ, ಏರಿದರೂ ಅವರು ಏರಿಸುವುದಿಲ್ಲ. ನಾಳೆಯೂ ಒಬ್ಬರ ಮುಖ ಒಬ್ಬರು ನೋಡಬೇಕಲ್ಲ” ಎಂದರು. ಬೆಳೆದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದಕ್ಕೂ ಈ ದರದ ಒಪ್ಪಂದಕ್ಕೂ ನೇರವಾದ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ. ಯಾರ ಹೆಸರನ್ನು ನಾಲ್ಕು ಜನರ ಮುಂದೆ ಬರೆದಿರುತ್ತೇವೆಯೋ ಅವರನ್ನು ಚೌಕಾಸಿಯಲ್ಲಿ ಹಿಂಡುವುದು ಕಷ್ಟ. ತಮ್ಮ ಹೆಸರು ಬರೆದಿರುವ ಜಾಗಕ್ಕೆ ಕೊಳೆತ ಕಾಯಿ ಕಳುಹಿಸುವುದೂ ಅಷ್ಟೇ ಕಷ್ಟ.

ಕೋಲಾರದ ಟೊಮೆಟೊ ಬೆಳೆಗಾರರ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ನಗರದಿಂದ ಒಂದೂವರೆ ಎರಡು ಗಂಟೆಯ ದಾರಿಯಲ್ಲಿರುವ ಕೋಲಾರದ ಎಪಿಎಂಸಿ ದೇಶದ ಬಹು ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಿಲೋ ಟೊಮೆಟೊ 100 ರೂಪಾಯಿ ದಾಟಿದಾಗ ಹೋಟೆಲುಗಳು ಚಟ್ನಿಯಿಂದ ಟೊಮೆಟೊವನ್ನು ಕೈಬಿಟ್ಟವು, ನಾವೆಲ್ಲರೂ ಗೊಣಗಿದೆವು. ಆದರೆ ದರ ನೆಲಕಚ್ಚಿ, ಕೀಳುವ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಮಸಾಲೆ ದೋಸೆಯ ಬೆಲೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಊಟ ಮಾಡುವವರಿಗೂ ಬೆಳೆಯುವವರಿಗೂ ನಡುವೆ ಯಾವ ಗುರುತೂ ಇಲ್ಲದಿರುವುದೇ ಈ ನಿರ್ಲಕ್ಷ್ಯಕ್ಕೆ ಮುಖ್ಯ ಕಾರಣ.

ಊರಿಗೆ ಮರಳಿದ ಮೇಲೆ, ತೋಟದ ಚಿತ್ರಗಳನ್ನು ಗೋಡೆಯ ತುಂಬ ಹಾಕಿಕೊಂಡಿರುವ ನಗರದ ಒಂದು ಹೋಟೆಲಿಗೆ ಮನೆಯವರೆಲ್ಲರೂ ಹೋದೆವು. ಅದರ ಹೆಸರು ಇಲ್ಲಿ ಅಗತ್ಯವಿಲ್ಲ. ಮೆನುವಿನ ಮೊದಲ ಪುಟದಲ್ಲಿಯೇ ‘ಪ್ರತಿದಿನ ಬೆಳಿಗ್ಗೆ ರೈತರಿಂದ ನೇರವಾಗಿ’ ಎಂದಿತ್ತು. ಇವತ್ತಿನ ಸೊಪ್ಪು ಯಾವ ಊರಿನದು ಎಂದು ನಮ್ಮ ತಾಯಿಯವರು ಸಹಜವಾಗಿ ಕೇಳಿದರು. ಬಡಿಸುವ ಹುಡುಗ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಅವರು “ಸಪ್ಲೈಯರ್ ಕಳಿಸ್ತಾರೆ ಅಮ್ಮಾ, ಎಲ್ಲಾ ಫ್ರೆಶ್ಶೇ ಇರುತ್ತೆ” ಎಂದು ವಿನಯದಿಂದಲೇ ಹೇಳಿದರು. ಅವರ ವಿನಯದ ಬಗ್ಗೆ ನಮ್ಮ ತಕರಾರಿಲ್ಲ. ಕಲಾಸಿಪಾಳ್ಯದ ಸಗಟು ಮಾರುಕಟ್ಟೆಯಿಂದ ತರಕಾರಿ ತರುವುದರಲ್ಲಿಯೂ ಯಾವ ತಪ್ಪಿಲ್ಲ. ಈ ನಗರ ಉಣ್ಣುತ್ತಿರುವುದೇ ಅಂಥ ಮಾರುಕಟ್ಟೆಗಳಿಂದ, ಅಲ್ಲಿ ನಡುರಾತ್ರಿಯಿಂದ ಮೂಟೆ ಇಳಿಸುವವರ ಶ್ರಮದಿಂದ. ಮಾರುಕಟ್ಟೆಯಿಂದ ತಂದದ್ದನ್ನು ತೋಟದ ಹೆಸರಿನಲ್ಲಿ ಮಾರಿ, ಆ ಹೆಸರಿಗಾಗಿ ಹೆಚ್ಚಿನ ಬೆಲೆ ತೆಗೆದುಕೊಳ್ಳುವುದು ಮಾತ್ರ ತಪ್ಪು. ಇದರಿಂದ ಗ್ರಾಹಕರಿಗಷ್ಟೇ ಅಲ್ಲ, ನಿಜವಾಗಿಯೂ ರೈತರ ಮನೆಬಾಗಿಲಿಗೆ ಹೋಗಿ ಕೊಂಡು ತರುವ ಪ್ರಾಮಾಣಿಕ ಹೋಟೆಲುಗಳಿಗೂ ಅನ್ಯಾಯವಾಗುತ್ತದೆ.

ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲದೆ ಇಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ಹೊರಡಿಸಿದ ನಿಯಮಗಳು, ಹೇಳಿಕೆ ಸತ್ಯವಾಗಿರಬೇಕು, ಅಸ್ಪಷ್ಟವಾಗಿರಬಾರದು, ಗ್ರಾಹಕರನ್ನು ದಾರಿ ತಪ್ಪಿಸಬಾರದು ಎನ್ನುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ವಿಧಿಸುವ ಅಧಿಕಾರವನ್ನು ಕೊಟ್ಟಿದೆ. ಪ್ರಾಧಿಕಾರದ 2020ರ ಪ್ರದರ್ಶನ ನಿಯಮಗಳಂತೆ, 10 ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಕ್ಯಾಲೊರಿಯನ್ನು ನಮೂದಿಸಬೇಕು. ಒಂದು ತಟ್ಟೆಯ ಬಿಸಿಬೇಳೆ ಬಾತಿನಲ್ಲಿ ಎಷ್ಟು ಕ್ಯಾಲೊರಿ ಎಂದು ಲೆಕ್ಕ ಹಾಕಿ ಬರೆಯಬಲ್ಲವರಿಗೆ ಅದರೊಳಗಿನ ಹುರುಳಿಕಾಯಿ ಯಾವ ತಾಲ್ಲೂಕಿನದೆಂದು ಬರೆಯುವುದು ಭಾರವಾಗಲಾರದು. ಸಾವಯವ ಎಂದು ಹೇಳಿಕೊಳ್ಳುವ ಪೊಟ್ಟಣಗಳಿಗೆ 2017ರ ನಿಯಮಗಳಿವೆ, ಪ್ರಮಾಣೀಕರಣದ ವ್ಯವಸ್ಥೆ ಇದೆ, ‘ಜೈವಿಕ್ ಭಾರತ್’ ಎಂಬ ಗುರುತೂ ಇದೆ. ಸಾವಯವ ಎಂಬ ಒಂದು ಮಾತಿಗೆ ಇಷ್ಟು ಕಾವಲಿಟ್ಟಿರುವಾಗ ತೋಟದ ಹೆಸರನ್ನು ಮಾತ್ರ ಯಾರು ಬೇಕಾದರೂ ಬರೆದುಕೊಳ್ಳಲಿ ಎಂದು ಬಿಟ್ಟಿರುವುದು ಸರಿಯಲ್ಲ.

ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದನ್ನು ಈಚೆಗೆ ನೋಡಿದ್ದೇವೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣಗಳ ಬಳಕೆಗೆ ತಡೆ ಬಂತು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ತಡೆ ಬಂತು. 2025ರ ಆರಂಭದಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಪತ್ತೆಯಾದಾಗಲೂ ಇಲಾಖೆ ಸುಮ್ಮನಿರಲಿಲ್ಲ. ಈ ಕ್ರಮಗಳಿಗೆ ಇಲಾಖೆಯನ್ನು ಮನಸಾರೆ ಅಭಿನಂದಿಸುತ್ತೇನೆ. ನಾವು ತಿನ್ನುವ ವಸ್ತು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೂ ಇಲಾಖೆ ಅಷ್ಟೇ ಗಂಭೀರವಾಗಿ ಕೈಗೆತ್ತಿಕೊಳ್ಳಲಿ.

ಈ ಪ್ರಶ್ನೆ ರುಚಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ನಗರದ ಕೊಳಚೆಯನ್ನು ಹೊತ್ತ ವೃಷಭಾವತಿ ಬಿಡದಿಯ ಕಡೆ ಹರಿದು ಬೈರಮಂಗಲ ಕೆರೆಯನ್ನು ಸೇರುತ್ತದೆ, ಆ ಭಾಗದ ಹೊಲಗದ್ದೆಗಳು ದಶಕಗಳಿಂದ ಆ ನೀರನ್ನೇ ಕಂಡಿವೆ. ಊರು ಬರೆಯುವ ಪದ್ಧತಿ ಬಂದರೆ ಅಂಥ ಕಡೆಯ ರೈತರಿಂದ ಯಾರೂ ಕೊಳ್ಳಲಾರರು, ಅವರ ಗತಿಯೇನು ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಇದು ತೂಕದ ಆಕ್ಷೇಪ. ಆ ನೀರನ್ನು ಕೆಡಿಸಿದವರು ಅಲ್ಲಿಯ ರೈತರಲ್ಲ, ನಾವು. ಇವತ್ತು ಆ ಸಂಗತಿ ನಮಗೆ ಕಾಣದ ಹಾಗೆ ಇದೆ, ಏಕೆಂದರೆ ಮಾರುಕಟ್ಟೆಯಲ್ಲಿ ಎಲ್ಲ ಸೊಪ್ಪೂ ಒಂದೇ ರಾಶಿ. ಊರಿನ ಹೆಸರು ತಟ್ಟೆಯ ಪಕ್ಕಕ್ಕೆ ಬಂದ ದಿನ, ಆ ನೀರನ್ನು ಶುದ್ಧ ಮಾಡಿಕೊಡಿ ಎಂದು ಕೇಳುವವರು ಬಿಡದಿಯ ರೈತರಷ್ಟೇ ಆಗಿ ಉಳಿಯುವುದಿಲ್ಲ. ಊಟಕ್ಕೆ ಕುಳಿತ ಬೆಂಗಳೂರಿನವರೂ ಕೇಳಲೇಬೇಕಾಗುತ್ತದೆ.

ಹಾಗೆಂದು ನಮ್ಮ ಸುತ್ತಲಿನ ನೆಲ ಬರಡಲ್ಲ. ಹೆಸರಿನಲ್ಲಿಯೇ ಬೆಂಗಳೂರನ್ನು ಹೊತ್ತ ನೀಲಿ ದ್ರಾಕ್ಷಿ ಮತ್ತು ಗುಲಾಬಿ ಈರುಳ್ಳಿ ಎರಡಕ್ಕೂ ಭೌಗೋಳಿಕ ಸೂಚಿ ಸಿಕ್ಕಿದೆ, ದೇವನಹಳ್ಳಿಯ ಚಕ್ಕೋತಕ್ಕೂ ಸಿಕ್ಕಿದೆ. ಗುಲಾಬಿ ಈರುಳ್ಳಿಯನ್ನು ಮಲೇಷ್ಯಾ, ಸಿಂಗಪುರದವರು ಹುಡುಕಿ ತರಿಸಿಕೊಳ್ಳುತ್ತಾರೆ. ಅದನ್ನು ಹೆಸರು ಹೇಳಿ ಬಳಸುವ ಹೋಟೆಲೊಂದು ಬೆಂಗಳೂರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಭೂಮಿಯ ಬೆಲೆ ಏರಿದಂತೆ ಚಕ್ಕೋತದ ಮರಗಳು ಕಡಿಮೆಯಾಗುತ್ತ ಬಂದವು. ಉಳಿದಿರುವ ಮರಗಳ ಹಣ್ಣನ್ನು ನಗರದ ಹತ್ತು ಹೋಟೆಲುಗಳು ಊರಿನ ಹೆಸರು ಹಾಕಿ ಬಡಿಸಿದರೂ ಆ ಬೆಳೆಗಾರರಿಗೆ ಮರ ಉಳಿಸಿಕೊಳ್ಳಲು ಒಂದು ಕಾರಣ ಸಿಗುತ್ತದೆ. ಮಾಗಡಿಯ ಸೊಗಡು ಅವರೆಕಾಯಿಯ ವಿಷಯದಲ್ಲಿ ನಾವು ಇದನ್ನು ಆಗಲೇ ಮಾಡುತ್ತಿದ್ದೇವೆ. ಚಳಿಗಾಲದಲ್ಲಿ ಗಾಡಿಯವರು ‘ಮಾಗಡಿ ಅವರೆ’ ಎಂದು ಕೂಗಿದರೆ ಮನೆಯಿಂದ ಹೊರಬಂದು ಕೊಳ್ಳುತ್ತೇವೆ, ಹಿತಕಿದ ಬೇಳೆಯ ಸಾರಿಗೆ ಅದೇ ಆಗಬೇಕು ಎನ್ನುತ್ತೇವೆ. ವಿಶ್ವೇಶ್ವರಪುರದ ಅವರೆ ಮೇಳಕ್ಕೆ ಸೇರುವ ಜನಸಂದಣಿಯನ್ನು ನೋಡಿದವರು, ಬೆಂಗಳೂರಿನವರಿಗೆ ಊರು ಮತ್ತು ಕಾಲದ ಬಗ್ಗೆ ಆಸಕ್ತಿ ಇಲ್ಲ ಎಂದು ಹೇಳಲಾರರು.

ಒಂದು ಕೋಟಿಗೂ ಮೀರಿದ ಜನರ ಊರಿಗೆ ಸಿರ್ಸಿಯ ಜಗಲಿಯ ಕ್ರಮ ಒಗ್ಗುವುದಿಲ್ಲ ಎಂಬ ಮಾತು ನಿಜ. ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆರೆದು ಸಾವಿರಾರು ಇಡ್ಲಿ ಬೇಯಿಸುವ ದರ್ಶಿನಿಗಳ ಮೇಲೆ ಈ ಹೊರೆಯನ್ನು ಹೊರಿಸಬೇಕೆಂದು ನಾನು ಕೇಳುತ್ತಿಲ್ಲ. ಕೂಲಿಯವರಿಂದ ಹಿಡಿದು ಕಚೇರಿಯವರವರೆಗೆ ಎಲ್ಲರಿಗೂ ಕೈಗೆಟಕುವ ದರದಲ್ಲಿ ಬಿಸಿ ತಿಂಡಿ ಕೊಡುವ ಅವರ ಕೆಲಸ ದೊಡ್ಡದು, ಅವರು ತೋಟದ ಹೆಸರು ಹೇಳಿ ಮಾರುತ್ತಲೂ ಇಲ್ಲ. ನಿಯಮ ಬೇಕಾಗಿರುವುದು ಹೇಳಿಕೊಳ್ಳುವವರಿಗೆ. ಪೂರೈಕೆದಾರರು ದಿನದಿನವೂ ಬದಲಾಗುತ್ತಾರೆ ಎಂದು ಅವರು ಹೇಳಬಹುದು. ಸೀಮೆಸುಣ್ಣದ ಬರಹವನ್ನೂ ದಿನದಿನ ಬದಲಾಯಿಸಬಹುದು. ಸುಳ್ಳು ಹೆಸರು ಬರೆದರೆ ಕಂಡುಹಿಡಿಯುವವರು ಯಾರು ಎಂಬ ಪ್ರಶ್ನೆಗೂ ಉತ್ತರವಿದೆ: ಪರವಾನಗಿ ಪಡೆದ ಹೋಟೆಲುಗಳು ಖರೀದಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದು ಈಗಲೂ ಕಡ್ಡಾಯ, ಅಧಿಕಾರಿಗಳು ಹಲಗೆಯನ್ನೂ ದಾಖಲೆಯನ್ನೂ ಹೋಲಿಸಿ ನೋಡಿದರೆ ಸಾಕು. ಊರಿನ ಹೆಸರು ಇದ್ದಲ್ಲಿ, ಆ ಊರಿನವರೇ ಒಬ್ಬರು ಊಟಕ್ಕೆ ಬಂದು ಕೇಳುವ ಸಾಧ್ಯತೆಯೂ ಇರುತ್ತದೆ. ಬೆಳೆಗಾರರ ಒಪ್ಪಿಗೆ ಇಲ್ಲದೆ ಅವರ ಹೆಸರನ್ನು ಬಳಸಬಾರದು ಎಂಬ ಷರತ್ತನ್ನು ಮಾತ್ರ ಮರೆಯಬಾರದು. ಹೆಸರು ಬೇಡವೆಂದವರಿಗೆ ಊರು, ತಾಲ್ಲೂಕು ಬರೆದರೆ ಸಾಕು.

ಚಿಕ್ಕ ಹೋಟೆಲುಗಳಿಗೆ ರೈತರನ್ನು ಹುಡುಕಿಕೊಂಡು ಹೋಗುವ ಅನುಕೂಲವಿಲ್ಲ ಎಂಬುದು ಉಳಿದಿರುವ ಒಂದು ನಿಜವಾದ ತೊಡಕು. ಇದಕ್ಕೆ ಹೊಸ ಸಂಸ್ಥೆಯನ್ನು ಕಟ್ಟಬೇಕಾಗಿಲ್ಲ. ದ್ರಾಕ್ಷಿ ಬೆಳೆಗಾರರಿಗೆ ದಲ್ಲಾಳಿಗಳಿಂದ ಬಿಡುಗಡೆ ಸಿಗಲಿ ಎಂಬ ಉದ್ದೇಶದಿಂದ 1959ರಲ್ಲಿ ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ ಹುಟ್ಟಿದ ಸಹಕಾರ ಸಂಘವೇ ಇಂದಿನ ಹಾಪ್‌ಕಾಮ್ಸ್. ಅದರ ಸದಸ್ಯ ರೈತರು ಯಾರು, ಯಾವ ಊರಿನವರು ಎಂಬ ವಿವರ ಸಂಘದ ಕೈಯಲ್ಲಿಯೇ ಇದೆ. ತರಕಾರಿ ರೈತರಿಂದಲೇ ಬರುತ್ತದೆ. ಬುಟ್ಟಿಯ ಜೊತೆಗೆ ಊರಿನ ಹೆಸರಿರುವ ಒಂದು ಚೀಟಿಯನ್ನೂ ಕಳುಹಿಸುವ ಏರ್ಪಾಡನ್ನು ಮಾಡಿದರೆ, ಬಸವನಗುಡಿಯ ಸಣ್ಣ ಊಟದ ಮನೆಯೊಂದು ಆ ಚೀಟಿಯನ್ನು ನೋಡಿ ತನ್ನ ಹಲಗೆಯನ್ನು ಬರೆದುಕೊಳ್ಳಬಹುದು. ಬಡಾವಣೆಗಳ ಮಳಿಗೆಗಳಲ್ಲಿ ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ, ಮೊಬೈಲಿನಲ್ಲಿ ತರಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ ಎಂಬ ಕೊರಗಿನಲ್ಲಿರುವ ಆ ಹಳೆಯ ಸಂಸ್ಥೆಗೆ ಇದು ಹೊಸ ವ್ಯಾಪಾರವೂ ಆದೀತು.

ಆದ್ದರಿಂದ ಆಹಾರ ಸುರಕ್ಷತಾ ಇಲಾಖೆಯೂ ತೋಟಗಾರಿಕೆ ಇಲಾಖೆಯೂ ಹೋಟೆಲ್ ಮಾಲೀಕರ ಸಂಘಗಳನ್ನು ಕರೆದು ಮಾತನಾಡಿ, ಮುಂದಿನ ಅವರೆ ಹಂಗಾಮು ಶುರುವಾಗುವ ಡಿಸೆಂಬರ್‌ನ ಹೊತ್ತಿಗೆ ಒಂದು ಸುತ್ತೋಲೆಯನ್ನು ಹೊರಡಿಸಲಿ. ಅದು ಕನ್ನಡದಲ್ಲಿರಲಿ. ತೋಟದ ಹೆಸರಿನಲ್ಲಿ ಮಾರುವ ಹೋಟೆಲುಗಳು ಮೊದಲಿಗೆ ಸೊಪ್ಪು, ತರಕಾರಿ, ಹಣ್ಣು, ರಾಗಿ ಮತ್ತು ಅಕ್ಕಿ ಇಷ್ಟರ ಮೂಲವನ್ನು ಬರೆಯುವುದನ್ನು ಅದು ಕಡ್ಡಾಯಗೊಳಿಸಲಿ. ಅಂಗಡಿಯಿಂದ ತಂದದ್ದಿದ್ದರೆ ಹಾಗೆಂದೇ ಬರೆಯಲು ಹೇಳಲಿ. ತಮ್ಮ ಪತ್ರಿಕೆಯೂ ನಗರದ ಇಂಥ ಹೋಟೆಲುಗಳಿಗೆ ವರದಿಗಾರರನ್ನು ಕಳುಹಿಸಿ, ಈಗಾಗಲೇ ಪ್ರಾಮಾಣಿಕವಾಗಿ ಊರಿನ ಹೆಸರು ಬರೆಯುತ್ತಿರುವವರು ಇದ್ದರೆ ಅವರನ್ನು ಓದುಗರಿಗೆ ಪರಿಚಯಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು
ವಿಜಯನಗರ, ಬೆಂಗಳೂರು